ಎಣ್ಣೆ ಇಳಿದ ದಾರಿ

ಕಾರಿನ ಸೆನ್ಸರಿನ ಕತ್ತಿನ ಸುತ್ತ ಅಂಟಿದ್ದ ಎಣ್ಣೆಯನ್ನು ಬೆಂಕಿಪೊಟ್ಟಣ ಎಂಬ ಅಡ್ಡಹೆಸರಿನ ಮೆಕ್ಯಾನಿಕ್ ತೋರುಬೆರಳಲ್ಲಿ ಬಳಿದು ತೆಗೆದ. ಬಿಸಿಲಿಗೆ ಹಿಡಿದ. ಹೆಬ್ಬೆರಳಿನಿಂದ ಉಜ್ಜಿದ, ಮೂಸಿದ, ಕೊನೆಗೆ ಪಕ್ಕಕ್ಕೆ ತಿರುಗಿ ನೆಲಕ್ಕೆ ಉಗಿದ.

“ಇಷ್ಟು ನೋಡಿ ನಮ್ಮಣ್ಣನ್ನ ಒಳಗೆ ಹಾಕಿದ್ರಾ ಮೇಡಂ?”

ಬಾನೆಟ್ಟಿನ ಆಚೆ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಕೈಗಡಿಯಾರ ನೋಡಿಕೊಂಡರು. ಸುತ್ತಲಿನ ಜನರೆಲ್ಲ ಅವರನ್ನು ಕರೆಯುತ್ತಿದ್ದುದು ಪೊಲೀಸಮ್ಮ ಎಂದು. ಕೂಗಾಡುವವರನ್ನು ಕೇಳಿ ಕೇಳಿ ಅವರ ಕಿವಿ ದಡ್ಡುಗಟ್ಟಿತ್ತು. ಎದುರಿನವರ ಕೂಗಾಟ ಮುಗಿಯುವ ತನಕ ಕಾದು, ಆಮೇಲೆ ಕೆಲಸದ ಮಾತಿಗೆ ಬರುವುದು ಅವರ ಪದ್ಧತಿ.

ಇಳಿಜಾರಿನ ತಿರುವಿನಲ್ಲಿ ಎಂಜಿನ್ನು ಜಾಮ್ ಆಗಿ ಗಕ್ಕನೆ ನಿಂತ ಈ ಕಾರಿಗೆ ಹಿಂದಿನಿಂದ ಲಾರಿ ಗುದ್ದಿ, ಕಾರು ಓಡಿಸುತ್ತಿದ್ದ ಲೆಕ್ಕದ ಮೇಷ್ಟ್ರು ಸತ್ತಿದ್ದರು. ಅದರ ಹಿಂದಿನ ದಿನ ಕಾರಿಗೆ ಎಣ್ಣೆಯ ಒತ್ತಡ ಅಳೆಯುವ ಹೊಸ ಆಯಿಲ್ ಸೆನ್ಸರ್ ಹಾಕಿದ್ದವನು ಬೆಂಕಿಪೊಟ್ಟಣನ ಅಣ್ಣ.

ಅಣ್ಣ ಈಗ ಇದೇ ಠಾಣೆಯ ಮುಂಭಾಗದ ಲಾಕಪ್ಪಿನಲ್ಲಿದ್ದ. ಕಾರು ಠಾಣೆಯ ಹಿತ್ತಲಿನಲ್ಲಿತ್ತು. ನಡುವೆ ಎರಡು ಗೋಡೆ, ಒಂದು ಓಣಿ. ಹಿತ್ತಲಿನ ತುಂಬ ಹಿಡಿದು ತಂದ ಗಾಡಿಗಳು ತುಕ್ಕು ತಿನ್ನುತ್ತ ನಿಂತಿದ್ದವು. ಚಕ್ರವಿಲ್ಲದ ಒಂದು ಆಟೋದೊಳಗೆ ಬೆಕ್ಕು ಮರಿ ಹಾಕಿತ್ತು.

ಸಿಟ್ಟು ಬಂದದ್ದು ಪೊಲೀಸರ ಮೇಲೆ ಮಾತ್ರ ಆಗಿದ್ದರೆ ಬೆಂಕಿಪೊಟ್ಟಣನಿಗೆ ಅದೇನು ಹೊಸದಲ್ಲ. ಕಡ್ಡಿ ಗೀರುವ ಮೊದಲೇ ಹತ್ತಿಕೊಳ್ಳುತ್ತಾನೆ ಎಂದೇ ಗ್ಯಾರೇಜಿನವರು ಅವನಿಗೆ ಆ ಹೆಸರಿಟ್ಟದ್ದು. ಆದರೆ ಈ ಸಲ ಹೊಟ್ಟೆ ಉರಿಯುತ್ತಿದ್ದುದು ಸ್ವಂತ ಸೋದರಮಾವನ ಮೇಲೆ. ಅಪ್ಪ ಅಮ್ಮ ಇಲ್ಲದ ಇಬ್ಬರನ್ನೂ ಸಾಕಿ, ಕೈಗೆ ಸ್ಪ್ಯಾನರ್ ಕೊಟ್ಟು ಕೆಲಸ ಕಲಿಸಿದವನು ಮಾವ. ಗ್ಯಾರೇಜು ಮಾವನದು. ಎಂಜಿನ್ನಿನ ವಿಷಯದಲ್ಲಿ ಮಾವ ಹೇಳಿದ್ದೇ ಕೊನೆ ಎಂದು ಪೊಲೀಸರು ಅವನನ್ನೇ ಕರೆಸಿ ಅಭಿಪ್ರಾಯ ಕೇಳಿದ್ದರು. ಮಾವ ಬಾನೆಟ್ಟು ಎತ್ತಿ ನೋಡಿ, ಸೆನ್ಸರ್ ಸಡಿಲ ಇದೆ, ಹಾಕಿದವನು ಸರಿಯಾಗಿ ಬಿಗಿ ಮಾಡಿಲ್ಲ, ಅಲ್ಲಿಂದಲೇ ಎಣ್ಣೆಯೆಲ್ಲ ಸೋರಿ ಎಂಜಿನ್ನು ಹಿಡಿದುಕೊಂಡಿದೆ ಎಂದು ಹೇಳಿ, ಕೈ ಒರೆಸಿಕೊಂಡು ಹೊರಟುಹೋಗಿದ್ದ.

ಹಾಕಿದವನು ಯಾರು ಎಂದು ಪೊಲೀಸರು ಕೇಳಿದಾಗ, ಹೆಸರನ್ನೂ ಅವನೇ ಹೇಳಿದ್ದ.

ಕಾರನ್ನು ನೋಡಲು ಬಿಡುವಂತೆ ಬೆಂಕಿಪೊಟ್ಟಣ ಬೆಳಗ್ಗೆಯಿಂದ ಠಾಣೆಯ ಬಾಗಿಲಲ್ಲಿ ಜಗಳಕ್ಕೆ ನಿಂತಿದ್ದ. ಇನ್‌ಸ್ಪೆಕ್ಟರ್ ಹೊರಗೆ ಹೋದ ಮೇಲೆ ಪೊಲೀಸಮ್ಮ ತಾವೇ ಬಂದು ಹಿತ್ತಲಿನ ಗೇಟು ತೆಗೆದರು. ಇವನ ಬಾಯಿಗೆ ಹೆದರಿ ಅಲ್ಲ. ಅವರಿಗೂ ಒಂದು ವಿಷಯ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

“ತಪ್ಪು ಮಾಡದವನು ಕೂಗ್ತಾನೆ. ಮಾಡಿದವನು ಅಳ್ತಾನೆ,” ಎಂದಿದ್ದರು ಅವರು. “ನಿಮ್ಮಣ್ಣ ಎರಡೂ ಮಾಡ್ತಿಲ್ಲ. ಸುಮ್ನೆ ಕೂತಿದ್ದಾನೆ. ನನಗೆ ಅದೇ ಸರಿ ಕಾಣ್ತಿಲ್ಲ.”

ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದರು. ಮೇಷ್ಟ್ರ ಮನೆಯವರು ಈ ಕಾರು ಮತ್ತೆ ಕಣ್ಣಿಗೆ ಬೀಳುವುದು ಬೇಡ ಎಂದಿದ್ದಾರಂತೆ. ಅದನ್ನು ಗುಜರಿಗೆ ಸಾಗಿಸುವ ಹೊಣೆ ಮಾವನೇ ಹೊತ್ತಿದ್ದಾನಂತೆ. ಕ್ರೇನು ಮಧ್ಯಾಹ್ನವೇ ಬರುತ್ತದಂತೆ. ಅದು ಬಂದರೆ ಮುಗಿಯಿತು, ಆಮೇಲೆ ಅಣ್ಣನ ಪರ ಬಾಯಿ ಬಿಡುವ ಒಂದು ನಟ್ಟು ಬೋಲ್ಟೂ ಈ ಭೂಮಿಯ ಮೇಲೆ ಉಳಿಯುವುದಿಲ್ಲ.

ಬೆಂಕಿಪೊಟ್ಟಣ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಎಂಜಿನ್ನಿನ ಮೇಲೆ ಬಗ್ಗಿದ.

ಕಾರಿನ ಹಿಂಭಾಗ ಮಡಚಿದ ಕಾಗದದ ಹಾಗೆ ಒಳಗೆ ಹೋಗಿತ್ತು. ಮುಂಭಾಗಕ್ಕೆ ಮಾತ್ರ ಏನೂ ಆಗಿರಲಿಲ್ಲ. ಸೆನ್ಸರಿನ ತಲೆ, ಅದರ ಕೆಳಗಿನ ವೈರು, ಎಂಜಿನ್ನಿನ ಪಕ್ಕೆ ಎಲ್ಲ ಕಪ್ಪಗೆ ಒದ್ದೆ. ಮೇಲ್ನೋಟಕ್ಕೆ ಮಾವ ಹೇಳಿದ್ದು ಸರಿ. ಯಾವ ಗ್ಯಾರೇಜಿನಲ್ಲಿ ಯಾರನ್ನು ಕೇಳಿದರೂ, ಒದ್ದೆಯಾದದ್ದು ಸೆನ್ಸರ್ ತಾನೆ, ಸೋರುತ್ತಿರುವುದೂ ಸೆನ್ಸರೇ ಎಂದುಬಿಡುತ್ತಾರೆ.

ಆದರೆ ಎಣ್ಣೆ ಎನ್ನುವುದು ಚಾಡಿಮಾತಿದ್ದ ಹಾಗೆ. ಹುಟ್ಟುವುದು ಒಂದು ಮನೆಯಲ್ಲಿ, ಹೋಗಿ ಕೂರುವುದು ಇನ್ನೊಬ್ಬರ ತಲೆಯ ಮೇಲೆ.

ಅವನು ಮೊದಲು ಸೆನ್ಸರಿನ ಹಿಂದೆ ಸಿಕ್ಕಿಸಿದ್ದ ವೈರಿನ ಸಾಕೆಟ್ಟನ್ನು ಎಳೆದು ತೆಗೆದ. ಒಳಗೆ ಟಾರ್ಚು ಬಿಟ್ಟ. ಬಿಳಿ ಚಿಂದಿಯೊಂದನ್ನು ಕಡ್ಡಿಗೆ ಸುತ್ತಿ ಒಳಗೆ ತಿರುಗಿಸಿ ಹೊರತೆಗೆದು ಪೊಲೀಸಮ್ಮನ ಮುಂದೆ ಹಿಡಿದ. ಚಿಂದಿ ಬೆಳ್ಳಗೇ ಇತ್ತು.

ಅದರಲ್ಲಿ ಏನಿದೆ ಎಂದು ಅವರು ಕೇಳಿದರು.

ಏನೂ ಇಲ್ಲ, ಅದೇ ವಿಷಯ ಎಂದ ಇವನು. ಸೆನ್ಸರ್ ಒಳಗಿನಿಂದ ಒಡೆದಿದ್ದರೆ ಎಣ್ಣೆ ಅದರ ಹೊಟ್ಟೆಯನ್ನು ದಾಟಿ ಈ ಸಾಕೆಟ್ಟಿನೊಳಗೆ ಬರಬೇಕು, ವೈರಿನ ಒಳಗೂ ಏರಬೇಕು. ಇಲ್ಲಿ ಒಳಗೆಲ್ಲ ಒಣಗಿದೆ. ಅಂದರೆ ಸೆನ್ಸರ್ ಒಡೆದಿಲ್ಲ.

“ಸಡಿಲ ಇದ್ದಿರಬಹುದಲ್ಲ. ನಿಮ್ಮಾವ ಹೇಳಿದ್ದೂ ಅದನ್ನೇ.”

“ಅದನ್ನೇ ನೋಡ್ತೀನಿ ಈಗ. ಸ್ವಲ್ಪ ಈ ಕಡೆ ಬನ್ನಿ.”

ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಸೆನ್ಸರಿನ ಬುಡವನ್ನು ಮೆಲ್ಲಗೆ ತೊಳೆದ. ಕಪ್ಪು ಜಿಡ್ಡು ಕರಗಿ ಇಳಿದಂತೆ, ಲೋಹದ ಮೇಲೆ ಒಂದು ಸಣ್ಣ ಕೆಂಪು ಗೆರೆ ಮೇಲೆದ್ದು ಬಂತು. ಅರ್ಧ ಗೆರೆ ಸೆನ್ಸರಿನ ಮೇಲೆ, ಇನ್ನರ್ಧ ಎಂಜಿನ್ನಿನ ಮೈಮೇಲೆ. ನಡುವೆ ಕೂದಲೆಳೆಯಷ್ಟೂ ಬಿರುಕಿಲ್ಲ.

ಬೆಂಕಿಪೊಟ್ಟಣ ಗೆರೆಯ ಮೇಲೆ ಬೆರಳಿಟ್ಟು ಇನ್ನಷ್ಟು ಜೋರಾಗಿ ಮಾತಾಡಿದ.

“ಇದು ನಮ್ಮತ್ತಿಗೆ ಉಗುರಿಗೆ ಹಚ್ಚೋ ಬಣ್ಣ ಮೇಡಂ.”

ಪೊಲೀಸಮ್ಮನ ಹುಬ್ಬು ಮೇಲೇರಿತು. ಅವನು ವಿವರಿಸಿದ. ಯಾವುದನ್ನು ಬಿಗಿ ಮಾಡಿದರೂ ಅದರ ಮೇಲೆ ಅಡ್ಡಕ್ಕೆ ಒಂದು ಗೆರೆ ಎಳೆಯುವುದು ತಮ್ಮ ಗ್ಯಾರೇಜಿನ ಪದ್ಧತಿ. ಆಮೇಲೆ ಅದು ಒಂದಿಷ್ಟು ತಿರುಗಿದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ. ಎಲ್ಲರೂ ಪೇಂಟು ಹಚ್ಚುತ್ತಾರೆ. ಅಣ್ಣನದು ಮಾತ್ರ ಅತ್ತಿಗೆಯ ಕೆಂಪು ಬಣ್ಣ. ಶೀಶೆ ಯಾಕೆ ಇಷ್ಟು ಬೇಗ ಖಾಲಿಯಾಗುತ್ತಿದೆ ಎಂದು ಅತ್ತಿಗೆ ಮೊದಮೊದಲು ರಂಪ ಮಾಡಿದಳು, ಆಮೇಲೆ ಒಂದನ್ನು ಗಂಡನ ಹೆಸರಿಗೇ ತಂದಿಡತೊಡಗಿದಳು. ಗ್ಯಾರೇಜಿನವರು ಅಣ್ಣನನ್ನು ಮದುಮಗಳು ಎಂದು ರೇಗಿಸಿದ್ದೂ ಉಂಟು.

ಪೊಲೀಸಮ್ಮ ನಗಲಿಲ್ಲ, ಆದರೆ ತುಟಿಯ ಒಂದು ಮೂಲೆ ಸಡಿಲವಾಯಿತು. ಮೊಬೈಲು ತೆಗೆದು ಗೆರೆಯ ಫೋಟೋ ಹೊಡೆದರು. ಹತ್ತಿರದಿಂದ ಒಂದು, ದೂರದಿಂದ ಒಂದು.

“ನಮ್ಮಾವ ಹುಟ್ಟುಕುರುಡನಾ ಮೇಡಂ? ಬೇರೆ ಯಾರಿಗೂ ಈ ಗೆರೆ ಅರ್ಥ ಆಗದೇ ಇರಬಹುದು. ಗೆರೆ ಎಳಿ ಅಂತ ಹೇಳಿಕೊಟ್ಟೋನೇ ಅವನು. ಒಂದು ಸಲ ಒರೆಸಿ ನೋಡಿದ್ರೆ ಸಾಕಾಗಿತ್ತು. ಅವನು ಒರೆಸಲಿಲ್ಲ.”

“ನೋಡೋಣ. ಮೊದಲು ಬಿಚ್ಚು.”

ಸ್ಪ್ಯಾನರ್ ಹಾಕಿ ಎಳೆದ. ಸೆನ್ಸರ್ ಜಪ್ಪಯ್ಯ ಎನ್ನಲಿಲ್ಲ. ಇನ್ನೊಮ್ಮೆ ಕಾಲು ಊರಿ, ಮೈಭಾರವೆಲ್ಲ ಹಾಕಿ ಎಳೆದಾಗ ಕಿರ್ರೆಂದು ಸದ್ದು ಮಾಡಿ ತಿರುಗಿತು. ಸಡಿಲ ಇತ್ತಂತೆ, ಸಡಿಲ. ಅವನು ಬಾಯಲ್ಲೇ ಮಾವನಿಗೆ ಒಂದು ಬೈಗುಳ ಇಳಿಸಿದ. ಪೊಲೀಸಮ್ಮ ಕೇಳಿಸದವರಂತೆ ಆಟೋದೊಳಗಿನ ಬೆಕ್ಕಿನ ಕಡೆ ನೋಡಿದರು.

ಸೆನ್ಸರಿನ ತಪ್ಪಿಲ್ಲ ಎಂದಾಯಿತು. ಹಾಗಾದರೆ ಎಣ್ಣೆ ಎಲ್ಲಿಂದ ಬಂತು? ಮಂಗ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದೆ. ಮೇಕೆ ಯಾವುದೆಂದು ಗೊತ್ತಾಗಿತ್ತು, ಮಂಗ ಸಿಗಬೇಕಿತ್ತು.

ಜಾಮ್ ಆದ ಎಂಜಿನ್ನನ್ನು ಚಾಲೂ ಮಾಡಿ ನೋಡುವಂತಿಲ್ಲ. ಬೆಂಕಿಪೊಟ್ಟಣ ತನ್ನ ಚೀಲದಿಂದ ಒಂದು ಹಿತ್ತಾಳೆಯ ತುದಿ ತೆಗೆದ. ಹಳೆಯ ಸೆನ್ಸರೊಂದರ ಹೊಟ್ಟೆ ಕೊರೆದು ಅಣ್ಣನೇ ಮಾಡಿಕೊಂಡಿದ್ದ ಸಾಧನ ಅದು. ಅದನ್ನು ಸೆನ್ಸರ್ ಇದ್ದ ತೂತಿಗೆ ತಿರುಗಿಸಿ, ಇನ್ನೊಂದು ಕಡೆಗೆ ಪಂಪಿನ ಪೈಪು ಸಿಕ್ಕಿಸಿದರೆ, ಎಣ್ಣೆ ಓಡಾಡುವ ದಾರಿಗಳಲ್ಲೆಲ್ಲ ಗಾಳಿ ಓಡಾಡುತ್ತದೆ. ಮೇಲೆ ಸೋಪುನೀರು ಬಳಿದರೆ, ಎಲ್ಲಿ ಬಾಯಿ ಬಿಟ್ಟಿದೆಯೋ ಅಲ್ಲಿ ಗುಳ್ಳೆ ಏಳುತ್ತದೆ. ಟ್ಯೂಬಿನ ಪಂಕ್ಚರ್ ಹುಡುಕಿದ ಹಾಗೆ.

ಜೀಪಿನಲ್ಲಿದ್ದ ಕಾಲುಪಂಪು ಬಂತು. ಠಾಣೆಯ ಬಚ್ಚಲಿನ ಸೋಪು ಬಂತು. ಪಂಪು ತುಳಿಯಲು ಮಾತ್ರ ಯಾರೂ ಇರಲಿಲ್ಲ.

“ನಾನು ತುಳೀತೀನಿ,” ಎಂದರು ಪೊಲೀಸಮ್ಮ. “ಆದ್ರೆ ಯಾರಿಗಾದ್ರೂ ಹೇಳಿದ್ರೆ ನಿನ್ನನ್ನೂ ಒಳಗೆ ಹಾಕ್ತೀನಿ.”

ಅವರು ತುಳಿದರು. ಬೆಂಕಿಪೊಟ್ಟಣ ಬ್ರಷ್ಷಿನಿಂದ ಸೋಪುನೀರು ಬಳಿಯುತ್ತ ಹೋದ. ಬುಡದಲ್ಲಿ ಗುಳ್ಳೆಯಿಲ್ಲ. ಪಕ್ಕದ ಜೋಡಣೆಯಲ್ಲಿಲ್ಲ. ಕೈ ಮೇಲೆ ಹೋಯಿತು. ಸೆನ್ಸರಿನಿಂದ ಗೇಣುದ್ದ ಮೇಲೆ, ಎಂಜಿನ್ನಿನ ಪಕ್ಕೆಗೆ ಡಬ್ಬಿಯ ಹಾಗೆ ಕಚ್ಚಿಕೊಂಡಿತ್ತು ಎಣ್ಣೆ ಸೋಸುವ ಆಯಿಲ್ ಫಿಲ್ಟರ್. ಬ್ರಷ್ಷು ಅದರ ಅಂಚಿಗೆ ತಾಗಿದ್ದೇ ತಡ, ಒಂದು ಬದಿಯಲ್ಲಿ ಗುಳುಗುಳು ಎಂದು ನೊರೆ ಉಕ್ಕಿ, ಕಾಡಿಗೆ ಬಣ್ಣದ ಎಣ್ಣೆಯ ಎಳೆಯೊಂದು ಜಾರಿ ನೇರ ಕೆಳಗಿಳಿಯಿತು. ಇಳಿದು, ಸೆನ್ಸರ್ ಇದ್ದ ಜಾಗದ ನೆತ್ತಿಯ ಮೇಲೆಯೇ ಬಂದು ನಿಂತಿತು.

“ತುಳೀರಿ ಮೇಡಂ, ತುಳೀರಿ,” ಎಂದ ಅವನು. ನೋಡುತ್ತಲೇ ಇದ್ದ. ಇಷ್ಟು ದಿನ ಅಣ್ಣನ ತಲೆಗೆ ಕಟ್ಟಿದ್ದ ಅಪವಾದ, ಬಂದ ದಾರಿಯನ್ನು ತಾನೇ ತೋರಿಸಿಕೊಂಡು ಇಳಿಯುತ್ತಿತ್ತು.

ಫಿಲ್ಟರನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿದ. ಅದರ ಬಾಯಿಯ ಸುತ್ತ ಒಂದು ರಬ್ಬರ್ ರಿಂಗು ಇರಬೇಕು. ಎರಡಿದ್ದವು.

ಒಂದರ ಮೇಲೊಂದು ಕೂತು, ಮೇಲಿನದು ಒಂದು ಬದಿಯಲ್ಲಿ ಹಿಂಡಿಕೊಂಡು ನಾಲಗೆಯ ಹಾಗೆ ಹೊರಬಂದಿತ್ತು. ಎರಡು ರಿಂಗು ಒಂದರ ಮೇಲೊಂದು ನಿಲ್ಲುವುದಿಲ್ಲ. ನಿಂತಲ್ಲಿ ಗಾಡಿ ಚಾಲೂ ಮಾಡಿದರೆ ಏನೂ ತಿಳಿಯುವುದಿಲ್ಲ. ರಸ್ತೆಗಿಳಿದು ಎಂಜಿನ್ನು ಬಿಸಿಯಾಗಿ ಎಣ್ಣೆಯ ಒತ್ತಡ ಏರಿದಾಗ ಒಂದು ಜಾರುತ್ತದೆ, ಎಣ್ಣೆಯೆಲ್ಲ ಪಿಚಕಾರಿ ಹೊಡೆದ ಹಾಗೆ ಹೊರಗೆ ಹೋಗುತ್ತದೆ.

ಈ ಕೆಲಸಕ್ಕೆ ಬಂದವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು ಇದು. ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ರಿಂಗು ಎಂಜಿನ್ನಿಗೇ ಅಂಟಿ ಉಳಿದುಬಿಡುತ್ತದೆ. ನೋಡದೆ ಹೊಸದನ್ನು ಅದರ ಮೇಲೆಯೇ ಕೂರಿಸಿಬಿಡುತ್ತಾರೆ. ಅದಕ್ಕೇ ಮಾವ ಗ್ಯಾರೇಜಿಗೆ ಸೇರಿದವರಿಗೆಲ್ಲ ಮೊದಲು ಕಲಿಸುತ್ತಿದ್ದುದು ಒಂದೇ ಪಾಠ: ಕಣ್ಣನ್ನು ನಂಬಬೇಡ, ಬೆರಳಾಡಿಸಿ ನೋಡು.

ಬೆಂಕಿಪೊಟ್ಟಣ ಗಹಗಹಿಸಿ ನಕ್ಕ. ಅಣ್ಣ ಹಾಕಿದ್ದು ಸೆನ್ಸರ್, ಅದರ ಮೇಲೆ ಗೆರೆ ಇದೆ. ಫಿಲ್ಟರಿನ ಮೇಲೆ ಗೆರೆಯಿಲ್ಲ. ಅಣ್ಣ ಮುಟ್ಟಿದ ಒಂದು ಸ್ಕ್ರೂ ಕೂಡ ಗೆರೆಯಿಲ್ಲದೆ ಆಚೆ ಹೋಗುವುದಿಲ್ಲ. ಅಂದರೆ ಅಣ್ಣ ಕೆಲಸ ಮುಗಿಸಿದ ಮೇಲೆ ಇನ್ಯಾರೋ ಬಂದು ಫಿಲ್ಟರ್ ಬದಲಿಸಿದ್ದಾರೆ. ಯಾವನೋ ಅವಸರದ ದಡ್ಡ.

ಪೊಲೀಸಮ್ಮ ಪಂಪಿನಿಂದ ಕಾಲು ತೆಗೆದು ಹತ್ತಿರ ಬಂದು ನೋಡಿದರು.

“ಒಂದು ಕಪ್ಪಗಿದೆ. ಒಂದು ಯಾಕೆ ಹಸಿರು?”

ಅವನ ನಗು ಅಲ್ಲೇ ನಿಂತಿತು.

ಮೇಲಿನ ರಿಂಗನ್ನು ಉಗುರಿನಿಂದ ಎಬ್ಬಿಸಿ ತೆಗೆದ. ಹಸಿರು ರಬ್ಬರು. ಈ ಕಾರಿನ ಫಿಲ್ಟರಿಗೆ ಹಸಿರು ರಿಂಗು ಬರುವುದೇ ಇಲ್ಲ. ಹಸಿರು ಬರುವುದು ದೊಡ್ಡ ವ್ಯಾನುಗಳ ಫಿಲ್ಟರಿಗೆ. ಮರೆತು ಉಳಿದದ್ದಾದರೆ ಈ ಕಾರಿನದೇ ಹಳೆಯ ಕಪ್ಪು ರಿಂಗು ಉಳಿಯಬೇಕು. ಇದು ಇನ್ನೊಂದು ಗಾಡಿಯದು, ಅದೂ ಹೊಚ್ಚ ಹೊಸದು. ಕೂರಿಸುವಾಗ ಜಾರದಿರಲಿ ಎಂದು ಎರಡೂ ಮೈಗೆ ಅಂಟುವ ಹಾಗೆ ಗ್ರೀಸು ಸವರಿದ್ದರು. ರೊಟ್ಟಿಗೆ ಬೆಣ್ಣೆ ಸವರಿದಷ್ಟು ಪ್ರೀತಿಯಿಂದ.

ಅವನು ಅದನ್ನೆಲ್ಲ ಪೊಲೀಸಮ್ಮನಿಗೆ ಹೇಳಿದ. ಕೂಗದೆ ಹೇಳಿದ. ಬೆಳಗ್ಗೆಯಿಂದ ಅವನ ದನಿ ತಗ್ಗಿದ್ದು ಅದೇ ಮೊದಲು.

ಅವರು ಜೇಬಿನಿಂದ ಸಣ್ಣ ಪ್ಲಾಸ್ಟಿಕ್ ಚೀಲ ತೆಗೆದು, ರಿಂಗನ್ನು ಅದರೊಳಗೆ ಬೀಳಿಸಿಕೊಂಡು, ಬಾಯಿ ಕಟ್ಟಿದರು.

“ಇಷ್ಟು ಹೊತ್ತು ಇದು ಅಜಾಗರೂಕತೆ ಕೇಸು ಕಣಪ್ಪ. ವರ್ಷವೋ ಎರಡು ವರ್ಷವೋ, ಮುಗಿದುಹೋಗ್ತಿತ್ತು. ಈಗ ಕೊಲೆ. ಇದನ್ನ ಮಾಡಿದೋನು ಜೀವಮಾನದಲ್ಲಿ ಹೊರಗೆ ಬರೋದು ಕಷ್ಟ. ಗೊತ್ತಾಯ್ತಾ ನೀನು ಏನು ಬಿಚ್ಚಿದ್ದೀಯ ಅಂತ?”

“ಬರಬಾರದು,” ಎಂದ ಬೆಂಕಿಪೊಟ್ಟಣ. “ಅವನು ಹೊರಗೆ ಬರಲೇಬಾರದು.”

ಯಾರೆಂದು ಅವರು ಕೇಳಲಿಲ್ಲ. ಅವನೇ ಹೇಳಿದ. ಗ್ಯಾರೇಜು ನಿಂತಿರುವ ಜಾಗ ಯಾರದು? ಲೆಕ್ಕದ ಮೇಷ್ಟ್ರದು. ಶೆಡ್ಡು ಕಿತ್ತು ಜಾಗ ಬಿಡಿ ಎಂದು ಮೇಷ್ಟ್ರು ಯಾರಿಗೆ ಹೇಳಿದ್ದರು? ಮಾವನಿಗೆ. ನಡುರಸ್ತೆಯಲ್ಲಿ ಅವರ ಕೊರಳಪಟ್ಟಿ ಹಿಡಿಯಲು ಹೋದಾಗ ಅಣ್ಣನೇ ಬಂದು ಬಿಡಿಸಬೇಕಾಗಿ ಬಂದದ್ದು ಯಾರನ್ನು? ಮಾವನನ್ನು. ಹಸಿರು ರಿಂಗು ಇರುವ ಸಾಮಾನಿನ ಕಪಾಟಿನ ಬೀಗದಕೈ ಯಾರ ಸೊಂಟದಲ್ಲಿ ನೇತಾಡುತ್ತದೆ? ಪೊಲೀಸರು ಬಂದಾಗ ಫಿಲ್ಟರಿನ ಕಡೆ ಕಣ್ಣೆತ್ತಿಯೂ ನೋಡದೆ ಕೆಳಗಿನ ಸೆನ್ಸರ್ ತೋರಿಸಿದವನು ಯಾರು? ಈಗ ಕಾರನ್ನು ಗುಜರಿಗೆ ಕಳಿಸಲು ತುದಿಗಾಲಲ್ಲಿ ನಿಂತವನು ಯಾರು?

ಅವನ ಮಾತು ಮುಗಿಯುವ ಮೊದಲೇ ಗೇಟಿನ ಹೊರಗೆ ಕ್ರೇನಿನ ಹಾರ್ನು ಕೇಳಿಸಿತು.

ಮಾವ ಡ್ರೈವರ್ ಪಕ್ಕದ ಸೀಟಿನಿಂದ ಇಳಿದು ಬಂದ. ದಪ್ಪ ಮನುಷ್ಯ, ನಡೆಯುವಾಗ ಮೊಣಕಾಲಿನ ನೋವಿಗೆ ಒಂದು ಕಡೆ ವಾಲುತ್ತಿದ್ದ. ಪೊಲೀಸಮ್ಮನಿಗೆ ನಮಸ್ಕಾರ ಮಾಡಲು ಎತ್ತಿದ ಕೈ ಅರ್ಧದಲ್ಲೇ ನಿಂತಿತು. ಕಣ್ಣು ನೇರ ಹೋದದ್ದು ಬೆಂಕಿಪೊಟ್ಟಣನ ಮುಖದ ಮೇಲಲ್ಲ, ಎಂಜಿನ್ನಿನ ಪಕ್ಕೆಯಲ್ಲಿ ಬೋಳಾಗಿ ಕಾಣುತ್ತಿದ್ದ ಫಿಲ್ಟರಿನ ಜಾಗದ ಮೇಲೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎನ್ನುವ ಮೊದಲೇ ಮುಟ್ಟಿ ನೋಡಿಕೊಂಡಿದ್ದ.

“ಅದನ್ನ ಯಾಕೋ ಬಿಚ್ಚಿದೆ?”

“ನೀನು ಯಾಕೆ ಬಿಚ್ಚಲಿಲ್ಲ ಮಾವ?”

“ಕೇಳಿದ್ದಕ್ಕೆ ಉತ್ತರ ಹೇಳು. ಯಾರು ಹೇಳಿದ್ರು ಬಿಚ್ಚು ಅಂತ?”

“ನೀನೇ ಹೇಳಿಕೊಟ್ಟಿದ್ದು. ಬೆರಳಾಡಿಸಿ ನೋಡು ಅಂತ ಕಪಾಳಕ್ಕೆ ಹೊಡೆದು ಹೇಳಿಕೊಟ್ಟಿದ್ದು. ಪೊಲೀಸರು ಕರೆದಾಗ ನಿನ್ನ ಬೆರಳಿಗೇನು ಲಕ್ವಾ ಹೊಡೆದಿತ್ತಾ?”

ಕ್ರೇನಿನ ಡ್ರೈವರ್ ಎಂಜಿನ್ನು ಆರಿಸಿ, ಕಿಟಕಿಯಿಂದ ತಲೆ ಹೊರಹಾಕಿದ. ಪೊಲೀಸಮ್ಮ ಅವನ ಕಡೆ ಒಂದು ನೋಟ ಬೀರಿದ ಕೂಡಲೇ ತಲೆ ಒಳಗೆ ಹೋಯಿತು.

ಮಾವ ತಗ್ಗಿದ ದನಿಯಲ್ಲಿ, ಆ ಕಡೆ ಬಾ, ಒಂದು ಮಾತಿದೆ ಎಂದ. ಬೆಂಕಿಪೊಟ್ಟಣ ಕದಲಲಿಲ್ಲ. ಮಾವ ಅವನ ತೋಳು ಹಿಡಿದ. ಅವನು ಕೊಡವಿದ ರಭಸಕ್ಕೆ ಮುದುಕನ ಭುಜ ಕಾರಿಗೆ ತಾಗಿತು.

“ಆ ಕಡೆ ಈ ಕಡೆ ಏನೂ ಇಲ್ಲ. ಹೇಳೋದಿದ್ರೆ ಇಲ್ಲೇ ಹೇಳು. ಮೇಡಂ ಮುಂದೆ ಹೇಳು. ಹಸಿರು ರಿಂಗು ಹಾಕಿ, ಗ್ರೀಸು ಬಳಿದು, ಮೇಷ್ಟ್ರನ್ನ ಕೊಂದು, ನನ್ನ ಅಣ್ಣನ ತಲೆಗೆ ಕಟ್ಟಿದೆ ಅಂತ ಹೇಳು. ಸಾಕಿದ್ದಕ್ಕೆ ಲೆಕ್ಕ ಚುಕ್ತಾ ಮಾಡಿಕೊಂಡೆ ಅಂತ ಹೇಳು.”

ಮಾವ ಕೂಗುತ್ತಾನೆ, ಕೈ ಎತ್ತುತ್ತಾನೆ ಎಂದುಕೊಂಡಿದ್ದ. ಎತ್ತಲಿ ಎಂದೇ ಕಾಯುತ್ತಿದ್ದ. ಆದರೆ ಮಾವ ಕಾರಿನ ಮಡ್‌ಗಾರ್ಡಿನ ಮೇಲೆ ಕೈಯೂರಿ ನಿಂತುಕೊಂಡ. ಮುಖದ ಬಣ್ಣ ಇಳಿದುಹೋಗಿತ್ತು. ಆ ಮುಖದಲ್ಲಿ ಹೆದರಿಕೆ ಇತ್ತು. ಸಿಕ್ಕಿಬಿದ್ದವನ ಹೆದರಿಕೆ ಹೀಗಿರುವುದಿಲ್ಲ ಎಂದು ಬೆಂಕಿಪೊಟ್ಟಣನಿಗೆ ಒಂದು ಕ್ಷಣ ಅನ್ನಿಸಿತು. ಸಿಟ್ಟು ಆ ಕ್ಷಣವನ್ನು ನುಂಗಿಹಾಕಿತು.

“ಬೆರಳಾಡಿಸಿ ನೋಡಿದ್ದೆ ಕಣೋ,” ಎಂದ ಮಾವ. “ಬಿಚ್ಚಬೇಕಾಗಿರಲಿಲ್ಲ. ಎರಡನೇ ರಿಂಗು ಅಂಚಿನಲ್ಲೇ ಸಿಕ್ತು.”

ಪೊಲೀಸಮ್ಮ ಒಂದು ಹೆಜ್ಜೆ ಮುಂದೆ ಬಂದರು. ಗೊತ್ತಿದ್ದೂ ಸೆನ್ಸರ್ ಸಡಿಲ ಎಂದು ಪೊಲೀಸರಿಗೆ ಸುಳ್ಳು ಹೇಳಿದ್ದು ಯಾಕೆ ಎಂದು ಕೇಳಿದರು.

ಮಾವ ಅವರ ಕಡೆ ನೋಡಲೇ ಇಲ್ಲ. ಸೋದರಳಿಯನ ಕಡೆಗೇ ನೋಡುತ್ತ, ಒಂದೊಂದೇ ಮಾತನ್ನು ಎತ್ತಿಡುವಂತೆ ಹೇಳಿದ.

“ಸೆನ್ಸರ್ ಅಂತ ನಾನು ಯಾಕೆ ಹೇಳಿದೆ ಅಂತ ನಿಮ್ಮಣ್ಣನ್ನ ಕೇಳು. ಒಬ್ಬನೇ ಹೋಗಿ ಕೇಳು. ಇದೊಂದು ಸಲ ನನ್ನ ಮಾತು ಕೇಳಪ್ಪ. ಒಬ್ಬನೇ ಹೋಗು.”

ಅಪ್ಪ ಎಂದು ಮಾವ ಅವನನ್ನು ಕರೆದದ್ದು ಯಾವ ಕಾಲಕ್ಕೋ. ಬೆಂಕಿಪೊಟ್ಟಣನ ಮೈಗೆ ಇನ್ನಷ್ಟು ಬೆಂಕಿ ಬಿತ್ತು. ಈಗ ಬಂತಾ ಮಾವನಿಗೆ ಅಳಿಯನ ಮೇಲೆ ಪ್ರೀತಿ, ಚೀಲದೊಳಗೆ ರಿಂಗು ಬಿದ್ದ ಮೇಲೆ?

“ಒಬ್ಬನೇ ಯಾಕೆ ಹೋಗಲಿ? ನಾಳೆ ನೀನು, ಅವನು ಹಾಗೆ ಹೇಳಲಿಲ್ಲ, ಹೀಗೆ ಹೇಳಿದ ಅಂತ ಕಥೆ ಕಟ್ಟೋದಕ್ಕಾ? ಮೇಡಂ, ನೀವೂ ಬನ್ನಿ. ನಮ್ಮಣ್ಣ ಏನು ಹೇಳ್ತಾನೋ ನೀವೇ ಕಿವಿಯಾರೆ ಕೇಳಿ.”

ಮಾವ ಏನೋ ಹೇಳಲು ಬಾಯಿ ತೆರೆದು, ಪೊಲೀಸಮ್ಮನನ್ನು ನೋಡಿ, ಮುಚ್ಚಿದ. ಅವನು ಕಾರಿನ ಪಕ್ಕದಲ್ಲೇ ನೆಲದ ಮೇಲೆ ಕುಸಿದು ಕೂರುವುದನ್ನು ಬೆಂಕಿಪೊಟ್ಟಣ ನೋಡಲಿಲ್ಲ. ಅವನು ಆಗಲೇ ಓಣಿಗೆ ತಿರುಗಿದ್ದ.

ಪೊಲೀಸಮ್ಮ ಕ್ರೇನಿನವನಿಗೆ ಕಾರು ಮುಟ್ಟಕೂಡದು ಎಂದು ತಾಕೀತು ಮಾಡಿ, ಹಿಂದೆಯೇ ಬಂದರು.

ಲಾಕಪ್ಪಿನ ಮುಂದಿನ ಓಣಿಯಲ್ಲಿ ಫಿನಾಯಿಲ್ ವಾಸನೆ ಗವ್ವೆನ್ನುತ್ತಿತ್ತು. ಅಣ್ಣ ಒಳಗೆ ಗೋಡೆಗೆ ಒರಗಿ, ಮೊಣಕಾಲು ಮಡಚಿ ಕೂತಿದ್ದ. ಅತ್ತಿಗೆ ಬೆಳಗ್ಗೆ ತಂದುಕೊಟ್ಟ ಡಬ್ಬಿಯ ಮುಚ್ಚಳ ಹಾಗೇ ಇತ್ತು. ಉಗುರುಗಳ ಸಂದಿಯಲ್ಲಿ ಇನ್ನೂ ಗ್ಯಾರೇಜಿನ ಕಪ್ಪು. ತಮ್ಮನನ್ನು ನೋಡಿ, ಊಟ ಮಾಡಿದೆಯಾ ಎಂದು ಕೇಳಿದ. ಲಾಕಪ್ಪಿನೊಳಗೆ ಕೂತೂ ಅವನು ಕೇಳುವುದು ಅದನ್ನೇ.

ಬೆಂಕಿಪೊಟ್ಟಣ ಸರಳುಗಳನ್ನು ಎರಡೂ ಕೈಯಲ್ಲಿ ಹಿಡಿದ. ಬೆಳಗ್ಗೆಯಿಂದ ಮೈಯಲ್ಲಿ ಉರಿದದ್ದೆಲ್ಲ ಈಗ ಕಣ್ಣಿಗೆ ಬಂತು. ಮಾವ ಕೇಳು ಎಂದದ್ದನ್ನು ಅಣ್ಣನನ್ನು ಕೇಳಬೇಕೆಂದೇ ಬಂದಿದ್ದ. ಅಣ್ಣನ ಮುಖ ಕಂಡ ಕೂಡಲೇ ಅದು ಮರೆತುಹೋಯಿತು. ಒಳ್ಳೆಯ ಸುದ್ದಿಯೇ ಮೊದಲು ನುಗ್ಗಿ ಬಂತು.

“ಅಣ್ಣ, ನಿನ್ನ ಸೆನ್ಸರ್‌ನಲ್ಲಿ ಒಂದು ಹನಿ ಸೋರಿಲ್ಲ. ನಿನ್ನ ಗೆರೆ ಹಾಗೇ ಇದೆ. ಎಣ್ಣೆ ಬಂದಿರೋದು ಬೇರೆ ಕಡೆಯಿಂದ, ನಾನು ಕಂಡುಹಿಡಿದೆ. ಪೊಲೀಸರ ಮುಂದೇನೇ ಕಂಡುಹಿಡಿದೆ. ನಿನ್ನ ತಪ್ಪಿಲ್ಲ ಅಂತ ಆಯ್ತು. ನೀನು ಮನೆಗೆ ಬರ್ತೀಯ.”

ಅಷ್ಟೇ ಹೇಳಿದ. ಬೇರೆ ಕಡೆ ಎಂದರೆ ಎಲ್ಲಿ ಎಂದು ಹೇಳಲಿಲ್ಲ. ಫಿಲ್ಟರಿನ ಹೆಸರೆತ್ತಲಿಲ್ಲ. ಅದನ್ನೆಲ್ಲ ಬಿಡಿಸಿ ಹೇಳಿ, ಅಣ್ಣನ ಮುಖ ಅರಳುವುದನ್ನು ನೋಡಬೇಕೆಂದು ಉಸಿರು ಎಳೆದುಕೊಳ್ಳುತ್ತಿದ್ದ.

ಅಣ್ಣನ ಮುಖ ಅರಳಲಿಲ್ಲ.

ಅವನು ಗೋಡೆ ಹಿಡಿದು ಎದ್ದ. ಸರಳಿನ ಹತ್ತಿರ ಬಂದು, ತಮ್ಮನ ಕೈಯ ಮೇಲೆ ತನ್ನ ಕೈಯಿಟ್ಟ. ಆ ಕೈ ತಣ್ಣಗಿತ್ತು. ಬೈಯಲಿಲ್ಲ. ದನಿ ಏರಿಸಲಿಲ್ಲ. ಮಕ್ಕಳು ಚಾಕು ಹಿಡಿದಾಗ ದೊಡ್ಡವರು ಕೇಳುವ ಹಾಗೆ, ಬಹಳ ನಿಧಾನವಾಗಿ ಕೇಳಿದ.

“ಆ ಹಸಿರು ರಿಂಗು ಈಗ ಯಾರ ಹತ್ತಿರ ಇದೆ?”

ಓಣಿಯ ಆಚೆ ತುದಿಯಲ್ಲಿ ಯಾವುದೋ ಬಾಗಿಲು ಬಡಿದುಕೊಂಡಿತು. ಬೆಂಕಿಪೊಟ್ಟಣನ ಕಿವಿಗೆ ಅದು ಬಹಳ ದೂರದಿಂದ ಕೇಳಿಸಿತು. ಹಸಿರು ಎಂದು ಯಾರು ಹೇಳಿದರು? ರಿಂಗು ಎಂದು ಯಾರು ಹೇಳಿದರು? ಹಿತ್ತಲಿನಲ್ಲಿ ನಡೆದದ್ದು ಇಲ್ಲಿಗೆ ಕಾಣುವುದಿಲ್ಲ, ಕೇಳುವುದಿಲ್ಲ. ಕೊಲೆಯಾಗದೆ ಅಜಾಗರೂಕತೆಯ ಕೇಸಾಗಿಯೇ ಮುಗಿಯಲಿ ಎಂದು ಮಾವ ಸೆನ್ಸರ್ ತೋರಿಸಿದ್ದು ಯಾರಿಗಾಗಿ ಎಂದು ಈಗ ಹೊಳೆಯಿತು.

ಬೆನ್ನ ಹಿಂದೆ ಬೂಟಿನ ಸದ್ದು ಹತ್ತಿರ ಬಂದು ನಿಂತಿತು. ಆ ಬೂಟುಗಳನ್ನು ಇಲ್ಲಿಯವರೆಗೆ ಕರೆದುಕೊಂಡು ಬಂದವನು ತಾನೇ.

“ಯಾವ ರಿಂಗಪ್ಪ?” ಎಂದು ಕೇಳಿದರು ಪೊಲೀಸಮ್ಮ, ಅಣ್ಣನನ್ನು. ಅವರ ದನಿಯಲ್ಲಿ ಒಂದಿಷ್ಟೂ ಗಡಸಿರಲಿಲ್ಲ.

ಅಣ್ಣ ಈಗಷ್ಟೇ ಅವರನ್ನು ನೋಡಿದ. ಆಮೇಲೆ ತಮ್ಮನನ್ನು ನೋಡಿದ.

“ಅಣ್ಣ, ಮಾತಾಡಬೇಡ,” ಎಂದ ಬೆಂಕಿಪೊಟ್ಟಣ.

ಆದರೆ ಅಣ್ಣ ಆಗಲೇ ಬಾಯಿ ತೆರೆದಿದ್ದ.